ಆಕಾಶದ 210 ಹೊಲಗಳು

ಅಮೆರಿಕದ ಕೊಲರಾಡೊ ರಾಜ್ಯದ ನೈಋತ್ಯ ಮೂಲೆಯಲ್ಲಿ ಡುರಾಂಗೊ ಎಂಬ ಊರಿದೆ. ಬೆನ್ನಿಗೆ ಸ್ಯಾನ್ ವಾನ್ ಪರ್ವತಗಳು, ಊರೊಳಗೆ ಹರಿಯುವ ಅನಿಮಸ್ ನದಿ, ನಮ್ಮ ಜಿಲ್ಲೆಯಂಥ ಲಾ ಪ್ಲಾಟಾ ಕೌಂಟಿಗೆ ಅದೇ ಮುಖ್ಯ ಪಟ್ಟಣ. ಅಲ್ಲಿನವರು ತೆರಿಗೆ ಕಟ್ಟುವುದು ಕೊಲರಾಡೊಗೆ, ಮತ ಹಾಕುವುದು ಕೊಲರಾಡೊದ ಗವರ್ನರ್ ಚುನಾವಣೆಗೆ, ಜೀವ ಬಿಡುವುದು ಡೆನ್ವರ್ ಬ್ರಾಂಕೋಸ್ ಫುಟ್‌ಬಾಲ್ ತಂಡಕ್ಕೆ. ಆದರೆ ಮನೆ ಮೇಲೆ ಡಿಶ್ ಹಾಕಿಸಿಕೊಂಡು ಟಿವಿ ಹಾಕಿದರೆ ವರ್ಷಗಟ್ಟಲೆ ಅವರಿಗೆ ಬರುತ್ತಿದ್ದದ್ದು ಪಕ್ಕದ ರಾಜ್ಯ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿ ನಗರದ ಸುದ್ದಿ! ಅಲ್ಲಿನ ಮೇಯರ್, ಅಲ್ಲಿನ ಟ್ರಾಫಿಕ್, ಚುನಾವಣೆ ಬಂದರೆ ಅಲ್ಲಿನ ಅಭ್ಯರ್ಥಿಗಳ ಜಾಹೀರಾತು. ತಾವು ಮತ ಹಾಕಲಾಗದ ಗವರ್ನರ್ ಪರವಾಗಿ ತಮ್ಮ ನಡುಮನೆಯಲ್ಲಿ ಪ್ರಚಾರ ನಡೆಯುತ್ತಿತ್ತು. ತಾವು ಮತ ಹಾಕಬೇಕಾದವರ ಮುಖ ಮಾತ್ರ ಕಾಣುತ್ತಿರಲಿಲ್ಲ.

ಡಿಶ್ ನೋಡುತ್ತಿರುವುದು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹವನ್ನು. ಅಷ್ಟು ಮೇಲಿನಿಂದ ನೋಡಿದರೆ ಡೆನ್ವರ್‌ಗೂ ಡುರಾಂಗೊಗೂ ನಡುವಿನ ಅಂತರ ಒಂದು ಡಿಗ್ರಿ ಕೋನದಷ್ಟೂ ಇಲ್ಲ. ಡೆನ್ವರ್‌ನ ಚಾನೆಲ್‌ಗಳು ಅದೇ ಕಂಪನಿಯ ಉಪಗ್ರಹಗಳ ಮೂಲಕವೇ ಕೆಳಗಿಳಿಯುತ್ತಿದ್ದವು. ಹಣ ಕೊಡಲು ಗ್ರಾಹಕ ತಯಾರಿದ್ದ, ತಗೊಳ್ಳಲು ಕಂಪನಿಗೂ ಬೇಜಾರಿರಲಿಲ್ಲ. ಆದರೂ ಕೊಡುವಂತಿರಲಿಲ್ಲ. ಕಾನೂನು ಬಿಡುತ್ತಿರಲಿಲ್ಲ.

ಬೀದರಿನ ಮನೆಗೂ ಚಾಮರಾಜನಗರದ ಮನೆಗೂ ಒಂದೇ ಚಂದನ ವಾಹಿನಿ ಬರುವ ನಮ್ಮಂಥವರಿಗೆ ಇದನ್ನು ನಂಬುವುದೇ ಕಷ್ಟ. ಉಪಗ್ರಹ ಎಂದ ಮೇಲೆ ದೇಶಕ್ಕೆಲ್ಲ ಒಂದೇ ತಾನೇ? ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ಆಕಾಶವನ್ನು ಹೊಲಗಳ ಹಾಗೆ ಬದು ಹಾಕಿ ಹಂಚಿದ್ದಾರೆ. ಒಟ್ಟು 210 ಹೊಲ. ನಿಮ್ಮ ಮನೆ ಯಾವ ಹೊಲದಲ್ಲಿದೆಯೋ ಆ ಹೊಲದ ಟಿವಿ ಸ್ಟೇಷನ್‌ಗಳು ಮಾತ್ರ ನಿಮಗೆ. ಈ ಬದುಗಳು ಭೂಪಟದಲ್ಲಿ ಕಾಣುವ ರಾಜ್ಯದ ಗಡಿಯನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಇವನ್ನು ಹಾಕಿದವರು ಯಾರು, ಯಾಕೆ ಹಾಕಿದರು, ಹೇಗೆ ಕಾಯುತ್ತಾರೆ ಎಂದು ಒಂದೊಂದೇ ಬಿಡಿಸುತ್ತ ಹೋದರೆ ಪರ್ವತಗಳ ಗಣಿತ, ಕೋರ್ಟಿನ ಆದೇಶ, ರಾಕೆಟ್‌ಗಳು, ಲಾರಿ ಚಾಲಕರು ಎಲ್ಲರೂ ಒಂದೇ ಕಥೆಯೊಳಗೆ ಬಂದು ನಿಲ್ಲುತ್ತಾರೆ!

ಮೊದಲ ಬೆರಗು ಇಲ್ಲೇ ಇದೆ. ಈ ಗಡಿಗಳನ್ನು ಎಳೆದದ್ದು ಅಮೆರಿಕದ ಸಂಸತ್ತೂ ಅಲ್ಲ, ಸರ್ಕಾರಿ ಸರ್ವೆ ಇಲಾಖೆಯೂ ಅಲ್ಲ. ಟಿವಿ ವೀಕ್ಷಕರ ಸಂಖ್ಯೆ ಅಳೆಯುವ ನೀಲ್ಸನ್ ಎಂಬ ಖಾಸಗಿ ಕಂಪನಿ. ಜಾಹೀರಾತು ಕೊಡುವವರಿಗೆ ಅನುಕೂಲವಾಗಲಿ ಎಂದು ಆ ಕಂಪನಿ ಪ್ರತಿ ಕೌಂಟಿಯನ್ನೂ ನೋಡಿತು. ಇಲ್ಲಿನ ಜನ ಹೆಚ್ಚಾಗಿ ಯಾವ ನಗರದ ಸ್ಟೇಷನ್‌ಗಳನ್ನು ನೋಡುತ್ತಾರೆ ಎಂದು ಎಣಿಸಿತು, ಆ ನಗರದ ಲೆಕ್ಕಕ್ಕೆ ಆ ಕೌಂಟಿಯನ್ನು ಸೇರಿಸಿತು. ಸೋಪು, ಕಾರು ಮಾರುವವರಿಗೆಂದು ಮಾಡಿದ ನಕ್ಷೆ ಅದು. 1999ರಲ್ಲಿ ಉಪಗ್ರಹ ಟಿವಿಯ ಕಾನೂನು ಬರೆಯುವಾಗ ಸಂಸತ್ತು ಆ ನಕ್ಷೆಯನ್ನೇ ಎತ್ತಿಕೊಂಡಿತು. ಇಂದಿಗೂ ಅಮೆರಿಕದ ಹಕ್ಕುಸ್ವಾಮ್ಯ ಕಾಯ್ದೆಯ 122ನೇ ವಿಧಿ ತೆಗೆದು ಓದಿ. ಸ್ಥಳೀಯ ಮಾರುಕಟ್ಟೆ ಎಂದರೇನು ಎಂಬುದಕ್ಕೆ ನೀಲ್ಸನ್ ಕಂಪನಿಯ 1999-2000ರ ಡೈರೆಕ್ಟರಿಯ ಹೆಸರನ್ನೇ ಅಲ್ಲಿ ಬರೆದಿದ್ದಾರೆ! ಒಂದು ಕಂಪನಿಯ ವ್ಯಾಪಾರದ ಪುಸ್ತಕ ಒಂದು ದೇಶದ ಕಾಯ್ದೆಯೊಳಗೆ ಹೊಕ್ಕು, ಕೋಟ್ಯಂತರ ಮನೆಗಳ ಟಿವಿಯಲ್ಲಿ ಏನು ಕಾಣಬೇಕೆಂದು ಹೇಳುತ್ತಿದೆ.

ಡುರಾಂಗೊ ಆಲ್ಬುಕರ್ಕಿಯ ಪಾಲಾದದ್ದೂ ಹೀಗೆಯೇ. ಡೆನ್ವರ್ ಮತ್ತು ಡುರಾಂಗೊ ನಡುವೆ ರಾಕಿ ಪರ್ವತಗಳ ಗೋಡೆಯೇ ನಿಂತಿದೆ. ಆಂಟೆನಾ ಕಾಲದಲ್ಲಿ ಟಿವಿ ಅಲೆಗಳು ದಕ್ಷಿಣದ ಕಡೆಯಿಂದ, ನ್ಯೂ ಮೆಕ್ಸಿಕೊ ಕಡೆಯಿಂದ ಹತ್ತಿ ಬರುವುದು ಸುಲಭವಿತ್ತು. ಜನ ಬಂದದ್ದನ್ನು ನೋಡಿದರು. ನೋಡಿದ್ದನ್ನು ನೀಲ್ಸನ್ ಎಣಿಸಿತು. ಎಣಿಕೆ ಕಾನೂನಾಯಿತು. ಬೆಟ್ಟ ಕಟ್ಟಿದ ಗಡಿಯನ್ನು ಬೆಟ್ಟಕ್ಕೆ ಲೆಕ್ಕವೇ ಇಲ್ಲದ ಉಪಗ್ರಹವೂ ಪಾಲಿಸಬೇಕಾಯಿತು!

ಈ 210 ಹೊಲಗಳ ಗಾತ್ರವನ್ನೊಮ್ಮೆ ನೋಡಿ. ಮೊದಲನೆಯದು ನ್ಯೂಯಾರ್ಕ್, 70 ಲಕ್ಷಕ್ಕೂ ಹೆಚ್ಚು ಮನೆಗಳು. ಕೊನೆಯದು, 210ನೆಯದು, ಮೊಂಟಾನಾ ರಾಜ್ಯದ ಗ್ಲೆಂಡೈವ್. ಎರಡೇ ಕೌಂಟಿ, ಸುಮಾರು ನಾಲ್ಕು ಸಾವಿರ ಮನೆ. ನಮ್ಮಲ್ಲಿ ಒಂದೆರಡು ದೊಡ್ಡ ಗ್ರಾಮ ಪಂಚಾಯಿತಿಗಳಲ್ಲಿ ಇರುವಷ್ಟು ಮನೆಗಳಿಗೆ ಅಲ್ಲಿ ಒಂದು ಪ್ರತ್ಯೇಕ ಟಿವಿ ಮಾರುಕಟ್ಟೆ. ಆ ನಾಲ್ಕು ಸಾವಿರ ಮನೆಗಳಿಗಾಗಿ ಕೆಎಕ್ಸ್‌ಜಿಎನ್ ಎಂಬ ಸ್ಟೇಷನ್ 1957ರಿಂದ ನಡೆದುಕೊಂಡು ಬಂದಿದೆ. ಸಿಬಿಎಸ್ ಮತ್ತು ಎನ್‌ಬಿಸಿ ಎರಡೂ ದೊಡ್ಡ ಜಾಲಗಳ ಕಾರ್ಯಕ್ರಮಗಳನ್ನು ಅದೊಂದೇ ಹೊತ್ತುಕೊಂಡಿದೆ. ಅಷ್ಟು ಪುಟ್ಟ ಊರಿಗೆ ಅಷ್ಟು ದೀರ್ಘ ಕಾಲ ತನ್ನದೇ ಟಿವಿ ಸ್ಟೇಷನ್ ಉಳಿದಿದೆ ಎಂದರೆ ಅದರ ಹಿಂದೆ ಏನೋ ಒಂದು ಹಟ ಇರಲೇಬೇಕು.

ಇದೆ. ಅದರ ಬೇರು 1952ರಲ್ಲಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಟಿವಿ ಲೈಸೆನ್ಸ್‌ಗೆ ಎಲ್ಲರೂ ಮುಗಿಬಿದ್ದರು. ಒಬ್ಬರ ಅಲೆ ಇನ್ನೊಬ್ಬರ ಅಲೆಗೆ ಡಿಕ್ಕಿ ಹೊಡೆಯತೊಡಗಿತು. ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 1948ರಲ್ಲಿ ಹೊಸ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿ, ಮೂರೂವರೆ ವರ್ಷ ಕೂತು ಯೋಚಿಸಿತು. 1952ರ ಏಪ್ರಿಲ್‌ನಲ್ಲಿ ಆದೇಶ ಹೊರಬಿತ್ತು. ದೇಶದ 1,291 ಊರುಗಳಿಗೆ ಎರಡು ಸಾವಿರಕ್ಕೂ ಹೆಚ್ಚು ಚಾನೆಲ್ ಸ್ಥಾನಗಳು! ಕೆಲವೇ ದೊಡ್ಡ ನಗರಗಳಲ್ಲಿ ಭಾರಿ ಗೋಪುರ ನಿಲ್ಲಿಸಿ ಇಡೀ ದೇಶಕ್ಕೆ ತೋರಿಸಬಹುದಿತ್ತು, ಖರ್ಚೂ ಕಮ್ಮಿಯಾಗುತ್ತಿತ್ತು. ಅವರು ಆ ದಾರಿ ಹಿಡಿಯಲಿಲ್ಲ. ಸಣ್ಣ ಊರಿಗೂ ತನ್ನ ದನಿ ಬೇಕು, ತನ್ನ ಮಳೆ, ತನ್ನ ಶಾಲೆ, ತನ್ನ ಬೆಂಕಿ ಅನಾಹುತವನ್ನು ತಾನೇ ಹೇಳಿಕೊಳ್ಳುವ ಜಾಗ ಬೇಕು ಎಂದು ನಿರ್ಧರಿಸಿದರು.

ಆ ದನಿಗೆ ಹಣ ಎಲ್ಲಿಂದ? ಜಾಹೀರಾತಿನಿಂದ. ಸಿಬಿಎಸ್, ಎನ್‌ಬಿಸಿ, ಎಬಿಸಿಯಂಥ ಜಾಲಗಳು ಧಾರಾವಾಹಿ, ಫುಟ್‌ಬಾಲ್ ಕೊಡುತ್ತವೆ. ಊರಿನ ಸ್ಟೇಷನ್ ಅದನ್ನು ತೋರಿಸುತ್ತ ನಡುವೆ ಊರಿನ ಪೀಠೋಪಕರಣದ ಅಂಗಡಿಯ ಜಾಹೀರಾತು ಹಾಕುತ್ತದೆ. ಬಂದ ಹಣದಲ್ಲಿ ಸುದ್ದಿ ವಿಭಾಗ ನಡೆಸುತ್ತದೆ. ಈಗ ಆಕಾಶದಿಂದ ಅದೇ ಧಾರಾವಾಹಿಯನ್ನು ನ್ಯೂಯಾರ್ಕ್‌ನ ಸ್ಟೇಷನ್ ಮೂಲಕ ನೇರ ಇಳಿಸಿಬಿಟ್ಟರೆ? ಜನ ಆ ಕಡೆ ತಿರುಗುತ್ತಾರೆ, ಪೀಠೋಪಕರಣದ ಅಂಗಡಿಯವನು ಜಾಹೀರಾತು ನಿಲ್ಲಿಸುತ್ತಾನೆ, ಸುದ್ದಿ ವಿಭಾಗ ಮುಚ್ಚುತ್ತದೆ. ಕಾನ್ಸಸ್ ಬಯಲಿನಲ್ಲಿ ಸುಂಟರಗಾಳಿ ಎದ್ದಾಗ ನ್ಯೂಯಾರ್ಕ್‌ನ ಸ್ಟೇಷನ್ ಯಾರಿಗೂ ನೆಲಮಾಳಿಗೆಗೆ ಓಡಿ ಎಂದು ಹೇಳುವುದಿಲ್ಲ. ಈ ಬದುಗಳನ್ನು ಹಾಕಿದ್ದು ಸರಿ ಎಂದೇ ನನಗನ್ನಿಸುವುದು ಇದೇ ಕಾರಣಕ್ಕೆ. ಸರಿಯಾದ ಉದ್ದೇಶಕ್ಕೆ ಹಾಕಿದ ಬದು ಡುರಾಂಗೊದಂಥ ಊರಿನ ಕತ್ತು ಹಿಸುಕಿದ್ದೂ ಅಷ್ಟೇ ನಿಜ. ಅದನ್ನು ಸರಿಪಡಿಸಲು ಅವರು ಹುಡುಕಿಕೊಂಡ ದಾರಿಗೆ ಆಮೇಲೆ ಬರುತ್ತೇನೆ.

ಆಕಾಶದಿಂದ ಮೊದಲು ಟಿವಿ ಇಳಿಸಿಕೊಂಡವರ ಕಥೆಯೂ ಸೊಗಸಾಗಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಟೇಲರ್ ಹೋವರ್ಡ್ 1976ರಲ್ಲಿ ಕ್ಯಾಲಿಫೋರ್ನಿಯಾದ ತಮ್ಮ ಮನೆಯಲ್ಲಿ ತಾವೇ ದೊಡ್ಡ ಡಿಶ್ ಕಟ್ಟಿ, ಕೇಬಲ್ ಕಂಪನಿಗಳಿಗೆಂದು ಹೋಗುತ್ತಿದ್ದ ಎಚ್‌ಬಿಒ ಎಂಬ ಚಾನೆಲ್‌ನ ಸಿಗ್ನಲ್ ಹಿಡಿದರು. ಹಿಡಿದದ್ದಕ್ಕೆ ಹಣ ಕೊಡಬೇಕಲ್ಲ ಎಂದು 100 ಡಾಲರ್ ಚೆಕ್ಕನ್ನೂ ಕಳಿಸಿದರು. ಕಂಪನಿ ಅದನ್ನು ವಾಪಸ್ ಮಾಡಿತು, ಮನೆಯವರ ಜೊತೆ ವ್ಯವಹರಿಸುವ ಪದ್ಧತಿಯೇ ಅದಕ್ಕಿರಲಿಲ್ಲ! ಮುಂದಿನ ಹತ್ತು ವರ್ಷದಲ್ಲಿ ಹಳ್ಳಿಗಾಡಿನ ಹಿತ್ತಿಲುಗಳಲ್ಲಿ ಲಕ್ಷಗಟ್ಟಲೆ ಡಿಶ್‌ಗಳು ಎದ್ದವು. ಕೇಬಲ್ ತಲುಪದ, ಆಂಟೆನಾಗೆ ಏನೂ ಸಿಗದ ಮನೆಗಳವು. ಅವರಿಗಾಗಿಯೇ 1988ರಲ್ಲಿ ಮೊದಲ ಉಪಗ್ರಹ ವೀಕ್ಷಕರ ಕಾಯ್ದೆ ಬಂತು. ಮನೆ ಮೇಲೆ ಸಾಧಾರಣ ಆಂಟೆನಾ ಹಾಕಿದರೂ ಊರಿನ ಸ್ಟೇಷನ್ ಸಿಗದಿದ್ದರೆ ಮಾತ್ರ, ಅಂಥ ಮನೆಗೆ ದೂರದ ನಗರದ ಸ್ಟೇಷನ್ ಕೊಡಬಹುದು ಎಂದಿತು ಆ ಕಾಯ್ದೆ.

ಇದರಿಂದ ಹುಟ್ಟಿದ ವಿಚಿತ್ರ ನೋಡಿ! ಮೊಂಟಾನಾದ ಕಣಿವೆಯ ಮನೆಗೆ ಉಪಗ್ರಹದ ಮೂಲಕ ನ್ಯೂಯಾರ್ಕ್‌ನ ಸ್ಟೇಷನ್ ಕೊಡುವುದು ಕಾನೂನುಬದ್ಧ. ಡೆನ್ವರ್‌ನ ಮನೆಗೆ ಉಪಗ್ರಹದ ಮೂಲಕ ಡೆನ್ವರ್‌ನದೇ ಸ್ಟೇಷನ್ ಕೊಡಲು ಕಾನೂನಿನಲ್ಲಿ ದಾರಿಯೇ ಇರಲಿಲ್ಲ. 1999ರವರೆಗೂ ಹೀಗೇ ನಡೆಯಿತು. 1994ರಲ್ಲಿ ಡೈರೆಕ್ಟ್‌ಟಿವಿ, 1996ರಲ್ಲಿ ಡಿಶ್ ನೆಟ್‌ವರ್ಕ್ ಪುಟ್ಟ ತಟ್ಟೆಗಳನ್ನು ಹಿಡಿದು ಮಾರುಕಟ್ಟೆಗೆ ಬಂದಾಗಲೂ, ಗ್ರಾಹಕರು ಊರಿನ ಸುದ್ದಿಗಾಗಿ ಪಕ್ಕದಲ್ಲೇ ಹಳೆಯ ಆಂಟೆನಾ ಇಟ್ಟುಕೊಳ್ಳಬೇಕಿತ್ತು.

ಇನ್ನೀಗ ನನ್ನನ್ನು ನಿಜಕ್ಕೂ ಬೆಕ್ಕಸಬೆರಗಾಗಿಸಿದ ಭಾಗ. ಊರಿನ ಸ್ಟೇಷನ್ ಸಿಗದ ಮನೆ ಎಂದೇನೋ ಕಾನೂನು ಹೇಳಿತು. ಸಿಗುತ್ತದೋ ಇಲ್ಲವೋ ಎಂದು ಹೇಳುವವರು ಯಾರು? ಕೋಟ್ಯಂತರ ಮನೆಗಳು! ಒಂದು ಮನೆ ದಿಬ್ಬದ ಮೇಲಿದೆ, ಪಕ್ಕದ್ದು ತಗ್ಗಿನಲ್ಲಿದೆ. ಒಂದರ ಮುಂದೆ ಬಯಲು, ಇನ್ನೊಂದರ ಮುಂದೆ ಪೈನ್ ಮರಗಳ ಕಾಡು. ಮನೆಮನೆಗೂ ಹೋಗಿ ಅಳೆಯಲು ಸಾಧ್ಯವೇ?

ಉತ್ತರ ಅದೇ ಕೊಲರಾಡೊ ರಾಜ್ಯದ ಬೋಲ್ಡರ್ ನಗರದಲ್ಲಿ ಮೂವತ್ತು ವರ್ಷ ಮೊದಲೇ ತಯಾರಾಗಿ ಕೂತಿತ್ತು. ಅಲ್ಲಿನ ಸರ್ಕಾರಿ ಪ್ರಯೋಗಾಲಯದಲ್ಲಿ ಅನಿಟಾ ಲಾಂಗ್ಲಿ ಎಂಬ ಮಹಿಳೆ ಮತ್ತು ಫಿಲ್ ರೈಸ್ ಎಂಬ ಸಹೋದ್ಯೋಗಿ ಸೇರಿ 1968ರಲ್ಲಿ ಒಂದು ವರದಿ ಪ್ರಕಟಿಸಿದರು. ಏರುಪೇರಾದ ನೆಲದ ಮೇಲೆ ರೇಡಿಯೊ ಅಲೆ ಹೇಗೆ ಸಾಗುತ್ತದೆ, ಬೆಟ್ಟದ ಅಂಚಿಗೆ ತಾಗಿ ಹೇಗೆ ಬಾಗುತ್ತದೆ, ಭೂಮಿಯ ಗುಂಡುತನದ ಆಚೆ ವಾತಾವರಣದಲ್ಲಿ ಚದುರಿ ಎಷ್ಟು ತಲುಪುತ್ತದೆ ಎಂದು ಲೆಕ್ಕ ಹಾಕುವ ವಿಧಾನ ಅದರಲ್ಲಿತ್ತು. ಗೋಪುರ ಎಲ್ಲಿದೆ, ಮನೆ ಎಲ್ಲಿದೆ, ನಡುವಿನ ನೆಲ ಎಲ್ಲೆಲ್ಲಿ ಎಷ್ಟು ಎತ್ತರವಿದೆ ಎಂದು ಕೊಟ್ಟರೆ ಸಾಕು, ಆ ಗೋಪುರದ ಸಿಗ್ನಲ್ ಆ ಮನೆಗೆ ಎಷ್ಟು ಬಲವಾಗಿ ಮುಟ್ಟೀತು ಎಂಬ ಅಂದಾಜು ಸಿಗುತ್ತದೆ. 1968ರಲ್ಲಿ ಮನೆ ಮೇಲಿನ ಡಿಶ್ ಎಂಬುದೇ ಇರಲಿಲ್ಲ. 1999ರ ಫೆಬ್ರುವರಿಯಲ್ಲಿ ಎಫ್‌ಸಿಸಿ ಈ ಗಣಿತವನ್ನೇ ಎತ್ತಿಕೊಂಡು ಒಂದೊಂದು ಮನೆಗೂ ಅನ್ವಯಿಸುವಂತೆ ಹದಗೊಳಿಸಿತು. ಆಮೇಲೆ ಮರಗಳು, ಕಟ್ಟಡಗಳು ತಡೆಯುವ ಪ್ರಮಾಣವನ್ನೂ ಸೇರಿಸಿದರು.

ಗ್ರಾಹಕ ಫೋನ್ ಮಾಡಿ ವಿಳಾಸ ಹೇಳಿದರೆ ಕಂಪ್ಯೂಟರ್ ಒಳಗೆ ಅವನ ಮನೆಯಿಂದ ಗೋಪುರದ ತನಕ ನೆಲದ ಏರಿಳಿತವನ್ನೆಲ್ಲ ಲೆಕ್ಕ ಸವರಿಕೊಂಡು ಹೋಗುತ್ತಿತ್ತು. ಸಿಗ್ನಲ್‌ಗೆ ನಿಗದಿಯಾದ ಮಟ್ಟ ಹೀಗಿತ್ತು: ಕೆಳಗಿನ ಸಂಖ್ಯೆಯ ಚಾನೆಲ್‌ಗಳಿಗೆ 47 ಡೆಸಿಬಲ್, 7ರಿಂದ 13ರವರೆಗಿನವಕ್ಕೆ 56, ಅದರ ಮೇಲಿನವಕ್ಕೆ 64. ಆ ಮಟ್ಟ ಮುಟ್ಟಿದರೆ ನಿಮಗೆ ಊರಿನ ಸ್ಟೇಷನ್ ಸಿಗುತ್ತದೆ ಎಂದರ್ಥ, ನ್ಯೂಯಾರ್ಕ್ ಇಲ್ಲ. ಒಂದು ಬೀದಿಯ ಈ ಬದಿಯ ಮನೆಗೆ ದೂರದ ನಗರ ಸಿಕ್ಕಿ, ಎದುರು ಬದಿಯ ಮನೆಗೆ ಸಿಗದೇ ಹೋಗಬಹುದಿತ್ತು. ಕಾರಣ ಕೇಳಿದರೆ ಉತ್ತರ ಹತ್ತಾರು ಮೈಲಿ ಆಚೆಯ ಒಂದು ಗುಡ್ಡದ ಹೆಗಲಿನಲ್ಲಿ ಇರುತ್ತಿತ್ತು!

ಲೆಕ್ಕ ಒಪ್ಪದಿದ್ದರೆ ಮುಂದಿನ ಮೆಟ್ಟಿಲುಗಳೂ ಇದ್ದವು. ಊರಿನ ಸ್ಟೇಷನ್‌ಗೇ ಬರೆದು, ದಯವಿಟ್ಟು ದೂರದ್ದನ್ನು ನೋಡಲು ಬಿಡಿ ಎಂದು ವಿನಾಯಿತಿ ಕೇಳಬಹುದಿತ್ತು. ಅವರು 30 ದಿನದೊಳಗೆ ಉತ್ತರಿಸದಿದ್ದರೆ ಒಪ್ಪಿದಂತೆಯೇ. ಅವರು ಬೇಡವೆಂದರೆ ಮನೆ ಹತ್ತಿರವೇ ಸಿಗ್ನಲ್ ಅಳೆಸಬಹುದಿತ್ತು. ಆ ಅಳತೆಗೂ ನಿಯಮ! ಒಂದು ಅಂತಸ್ತಿನ ಮನೆಯಾದರೆ ಆಂಟೆನಾ 20 ಅಡಿ ಎತ್ತರದಲ್ಲಿ, ಅದಕ್ಕಿಂತ ಎತ್ತರದ ಮನೆಯಾದರೆ 30 ಅಡಿಯಲ್ಲಿ. ಒಂದೇ ಕಡೆ ಅಳೆದರೆ ಸಾಲದು, ಆಸುಪಾಸಿನಲ್ಲಿ ಕಡೇಪಕ್ಷ ಐದು ಕಡೆ. ಒಬ್ಬ ಅಜ್ಜಿಗೆ ಫುಟ್‌ಬಾಲ್ ಯಾವ ಊರಿನ ಸ್ಟೇಷನ್‌ನಲ್ಲಿ ಕಾಣಬೇಕು ಎಂಬುದನ್ನು ತೀರ್ಮಾನಿಸಲು ಒಂದು ದೇಶ ಇಷ್ಟು ಶ್ರದ್ಧೆಯಿಂದ ಅಳತೆಗೋಲು ಹಿಡಿದು ನಿಂತದ್ದನ್ನು ಓದುತ್ತಿದ್ದರೆ ಮೈ ಜುಮ್ಮೆನ್ನುತ್ತದೆ.

ಇಷ್ಟೆಲ್ಲ ನಿಯಮ ಬಿಗಿಯಾದದ್ದಕ್ಕೆ ಮಯಾಮಿಯ ಒಂದು ಮೊಕದ್ದಮೆ ಕಾರಣ. ಪ್ರೈಮ್‌ಟೈಮ್ 24 ಎಂಬ ಕಂಪನಿ ದೊಡ್ಡ ನಗರಗಳ ಸ್ಟೇಷನ್‌ಗಳನ್ನು ಉಪಗ್ರಹಕ್ಕೇರಿಸಿ ಮಾರುತ್ತಿತ್ತು. ಅಳತೆ ಏನೂ ಇಲ್ಲ, ನಿಮ್ಮ ಆಂಟೆನಾದಲ್ಲಿ ಚಿತ್ರ ಚೆನ್ನಾಗಿ ಬರುತ್ತದೆಯೇ ಎಂದು ಗ್ರಾಹಕನನ್ನೇ ಕೇಳುವುದು, ಇಲ್ಲ ಎಂದರೆ ಚಾನೆಲ್ ಕೊಡುವುದು. ಸಿಬಿಎಸ್ ಮತ್ತು ಇತರರು ದಾವೆ ಹೂಡಿದರು. 1998ರಲ್ಲಿ ಕೋರ್ಟ್ ತಡೆ ಹಾಕಿತು. ಲಕ್ಷಾಂತರ ಮನೆಗಳಿಗೆ ದೂರದ ಸ್ಟೇಷನ್ ನಿಂತುಹೋಗುತ್ತದೆ ಎಂದಾದಾಗ ಸಂಸದರ ಕಚೇರಿಗಳಿಗೆ ದೂರುಗಳ ಸುರಿಮಳೆ. ಆ ಒತ್ತಡದಲ್ಲೇ 1999ರ ನವೆಂಬರ್‌ನಲ್ಲಿ ಹೊಸ ಕಾಯ್ದೆ ಹುಟ್ಟಿತು. ಊರಿನ ಸ್ಟೇಷನ್ ಅನ್ನು ಅದೇ ಊರಿಗೆ ಉಪಗ್ರಹದ ಮೂಲಕ ಕೊಡಬಹುದು, ಅದಕ್ಕೆ ಹಕ್ಕುಸ್ವಾಮ್ಯದ ಶುಲ್ಕವೂ ಇಲ್ಲ ಎಂದಿತು. ಜೊತೆಗೊಂದು ಷರತ್ತು: ಒಂದು ಮಾರುಕಟ್ಟೆಯ ಒಂದು ಸ್ಟೇಷನ್ ಅನ್ನು ಹೀಗೆ ಹೊತ್ತರೆ, 2002ರ ಜನವರಿ 1ರಿಂದ ಅಲ್ಲಿ ಕೇಳಿದ ಸ್ಟೇಷನ್‌ಗಳನ್ನೆಲ್ಲ ಹೊರಬೇಕು. ದೊಡ್ಡ ಜಾಲದ ನಾಲ್ಕನ್ನು ಆರಿಸಿಕೊಂಡು ಪುಟ್ಟ ಸಾರ್ವಜನಿಕ ವಾಹಿನಿಯನ್ನು ಬೀದಿಗೆ ಬಿಡುವಂತಿಲ್ಲ. ಉಪಗ್ರಹ ಕಂಪನಿಗಳು ಇದರ ವಿರುದ್ಧ ಕೋರ್ಟಿಗೆ ಹೋದವು, ಸೋತವು. ಸೋತದ್ದು ಒಳ್ಳೆಯದೇ ಆಯಿತು.

ಹೊರಬೇಕು ಎಂದು ಕಾನೂನು ಹೇಳಿದ್ದಾಯಿತು. ಹೊರುವುದು ಹೇಗೆ? ದೇಶದಲ್ಲಿ ಪೂರ್ಣ ಶಕ್ತಿಯ ಸ್ಟೇಷನ್‌ಗಳೇ ಸಾವಿರದ ಏಳುನೂರರ ಆಸುಪಾಸು. ಉಪಗ್ರಹದ ಒಂದು ಕಕ್ಷೆಯ ಜಾಗದಲ್ಲಿ ಸಿಗುವುದು 32 ಟ್ರಾನ್ಸ್‌ಪಾಂಡರ್, ಅಂದರೆ ಸಿಗ್ನಲ್ ಹಿಡಿದು ಮತ್ತೆ ಕೆಳಗಿಳಿಸುವ ಘಟಕಗಳು. ಗ್ಲೆಂಡೈವ್‌ನ ನಾಲ್ಕು ಸಾವಿರ ಮನೆಗಳಿಗಾಗಿ ಇಡೀ ಅಮೆರಿಕದ ಮೇಲೆ ಸಿಗ್ನಲ್ ಸುರಿದರೆ ಜಾಗ ಮುಗಿದೇ ಹೋಗುತ್ತದೆ. ಇಲ್ಲಿ ಎಂಜಿನಿಯರ್‌ಗಳು ಮಾಡಿದ್ದನ್ನು ಕೇಳಿ! ಇಡೀ ದೇಶದ ಮೇಲೆ ಒಂದೇ ಕಿರಣ ಬೀಳಿಸುವ ಬದಲು, ಆಯ್ದ ಪ್ರದೇಶದ ಮೇಲಷ್ಟೇ ಬೀಳುವ ಕಿರಿದಾದ ಕಿರಣಗಳನ್ನು ಉಪಗ್ರಹದಿಂದ ಇಳಿಬಿಟ್ಟರು. ಸ್ಪಾಟ್ ಬೀಮ್ ಎನ್ನುತ್ತಾರೆ. ಒಂದೊಂದರ ಅಗಲ ಕೆಲವು ನೂರು ಕಿಲೋಮೀಟರ್. ಪೂರ್ವ ತೀರದಲ್ಲಿ ಬಳಸಿದ ತರಂಗಾಂತರವನ್ನೇ ದೂರದ ಪಶ್ಚಿಮದಲ್ಲಿ ಬೇರೆ ಊರಿನ ಸ್ಟೇಷನ್‌ಗೆ ಮತ್ತೆ ಬಳಸಬಹುದು, ಒಂದಕ್ಕೊಂದು ತಾಗುವುದಿಲ್ಲ. 2001ರ ನವೆಂಬರ್‌ನಲ್ಲಿ ಡೈರೆಕ್ಟ್‌ಟಿವಿ 4ಎಸ್ ಎಂಬ ಉಪಗ್ರಹ ಏರಿಯಾನ್ ರಾಕೆಟ್ ಮೇಲೆ ಹೋಯಿತು. ಕೆಲವೇ ತಿಂಗಳಲ್ಲಿ, 2002ರ ಫೆಬ್ರುವರಿಯಲ್ಲಿ, ಎದುರಾಳಿ ಕಂಪನಿಯ ಎಕೋಸ್ಟಾರ್ 7 ಹಿಂಬಾಲಿಸಿತು. ಗಡುವು ಆ ಜನವರಿಯಲ್ಲಿತ್ತು, ನೆನಪಿರಲಿ. ಕಾಯ್ದೆಯ ಒಂದು ಸಾಲಿಗೆ ಉತ್ತರವಾಗಿ ಬಾಹ್ಯಾಕಾಶಕ್ಕೆ ಹೊಸ ಬಗೆಯ ಯಂತ್ರಗಳೇ ಹಾರಿದವು!

ಕಿರಣವೇನೋ ಕೌಂಟಿಯ ಗಡಿ ನೋಡಿ ನಿಲ್ಲುವುದಿಲ್ಲ. ಅದು ಪಕ್ಕದ ಮಾರುಕಟ್ಟೆಯ ಛಾವಣಿಗಳ ಮೇಲೂ ಬೀಳುತ್ತದೆ. ಅಲ್ಲಿ ಕಾವಲು ನಿಂತಿರುವುದು ಸೆಟ್‌ಟಾಪ್ ಬಾಕ್ಸ್. ಗ್ರಾಹಕ ಕೊಟ್ಟ ವಿಳಾಸ ಯಾವ ಕೌಂಟಿಯದೋ ಅದಕ್ಕೆ ತಕ್ಕಂತೆ ಬಾಕ್ಸ್ ಕೆಲವು ಚಾನೆಲ್ ತೆರೆಯುತ್ತದೆ, ಉಳಿದವನ್ನು ಮುಚ್ಚಿಡುತ್ತದೆ. ಹಾಗಾಗಿ ಮನೆ ಮೇಲೆ ಸಿಗ್ನಲ್ ಸುರಿಯುತ್ತಲೇ ಇದ್ದರೂ ಒಳಗೆ ಚಿತ್ರವಿಲ್ಲ. ಇದನ್ನು ಕಂಡುಕೊಂಡ ಜನ ನೆಂಟರ ಊರಿನ ವಿಳಾಸ ಕೊಟ್ಟು ಕಾಗದದ ಮೇಲೆ ಮನೆ ಬದಲಿಸಿದ್ದೂ ಉಂಟು. ಅದೂ ಕಿರಣ ಬೀಳುವಷ್ಟು ದೂರಕ್ಕೆ ಮಾತ್ರ. ಟೆಕ್ಸಸ್‌ನಲ್ಲಿ ಕೂತು ಬಾಸ್ಟನ್ ವಿಳಾಸ ಕೊಟ್ಟರೆ ಬಾಕ್ಸ್ ಒಪ್ಪೀತು, ಬಾಸ್ಟನ್ ಕಿರಣ ಟೆಕ್ಸಸ್‌ಗೆ ಬರುವುದಿಲ್ಲ.

ನಿಯಮ ಮೀರಿದರೆ ಪೆಟ್ಟು ಎಂಥದ್ದು ಎಂದು 2006ರಲ್ಲಿ ಗೊತ್ತಾಯಿತು. ಡಿಶ್ ನೆಟ್‌ವರ್ಕ್ ನಡೆಸುತ್ತಿದ್ದ ಎಕೋಸ್ಟಾರ್ ಅರ್ಹತೆ ಇಲ್ಲದ ಮನೆಗಳಿಗೂ ದೂರದ ಸ್ಟೇಷನ್ ಕೊಟ್ಟಿದೆ ಎಂದು ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ದಂಡ ಕಟ್ಟಿ ಪಾರಾಗುವ ಮಾತೇ ಇರಲಿಲ್ಲ. ಅರ್ಹರೂ ಸೇರಿದಂತೆ ಯಾರಿಗೂ ದೂರದ ಸ್ಟೇಷನ್ ಕೊಡಕೂಡದು ಎಂಬ ಆದೇಶ. 2006ರ ಡಿಸೆಂಬರ್ 1ರಂದು ಎಂಟೊಂಬತ್ತು ಲಕ್ಷ ಮನೆಗಳಲ್ಲಿ ಆ ಚಾನೆಲ್‌ಗಳು ನಿಂತವು. ಮರಳಿ ಅನುಮತಿ ಬೇಕೆಂದರೆ ಏನು ಮಾಡಬೇಕು ಎಂಬುದನ್ನು 2010ರ ಕಾಯ್ದೆ ಹೇಳಿತು: ಇಡೀ 210 ಮಾರುಕಟ್ಟೆಗಳಿಗೂ ಅವರವರ ಊರಿನ ಸ್ಟೇಷನ್ ಕೊಡಿ, ಗ್ಲೆಂಡೈವ್ ಕೂಡ ಬಿಡಬೇಡಿ. ಡಿಶ್ ಅದೇ ವರ್ಷ ಮಾಡಿ ತೋರಿಸಿತು. ಶಿಕ್ಷೆಯೊಂದು ಕೊನೆಯ ಪುಟ್ಟ ಊರಿಗೂ ಅದರ ಸ್ವಂತ ಸ್ಟೇಷನ್ ಅನ್ನು ಆಕಾಶಕ್ಕೇರಿಸಿತು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ತಿರುವು ಇದು.

ಮತ್ತೆ ಆ ಲಾರಿ ಚಾಲಕರು! 2019ರ ಡಿಸೆಂಬರ್‌ನಲ್ಲಿ ಬಂದ ಕಾಯ್ದೆ ದೂರದ ಸ್ಟೇಷನ್ ಕೊಡುವ ಹಳೆಯ ಬಾಗಿಲುಗಳಲ್ಲಿ ಹೆಚ್ಚಿನವನ್ನು 2020ರ ಮೇ 31ಕ್ಕೆ ಮುಚ್ಚಿತು. ತೆರೆದು ಉಳಿದದ್ದು ಎರಡು. ಒಂದು, ತಮ್ಮ ಮಾರುಕಟ್ಟೆಯಲ್ಲಿ ಯಾವುದಾದರೂ ದೊಡ್ಡ ಜಾಲದ ಸ್ಟೇಷನ್ನೇ ಇಲ್ಲದ ಮನೆಗಳು. ಇನ್ನೊಂದು, ಸರಕು ಸಾಗಿಸುವ ಲಾರಿಗಳು ಮತ್ತು ಒಳಗೆ ಹಾಸಿಗೆ, ಅಡುಗೆ ಒಲೆ ಇಟ್ಟುಕೊಂಡು ದೇಶ ಸುತ್ತುವ ಪ್ರವಾಸಿ ವಾಹನಗಳು. ಚಕ್ರದ ಮೇಲೆ ಬದುಕುವವರಿಗೆ ಊರು ಯಾವುದು? ಇಂದು ಅರಿಜೋನಾ, ನಾಳೆ ನೆವಾಡಾ. ಅವರನ್ನು ಯಾವ ಹೊಲಕ್ಕೆ ಸೇರಿಸುವುದು? ಕಾನೂನು ಅವರನ್ನು ಊರಿನ ಸ್ಟೇಷನ್ ಸಿಗದ ಮನೆ ಎಂದೇ ಪರಿಗಣಿಸುತ್ತದೆ. ಸಹಿ ಹಾಕಿದ ಘೋಷಣೆ ಮತ್ತು ವಾಹನದ ನೋಂದಣಿಯ ಪ್ರತಿ ಕೊಡಬೇಕು, ಅದೇ ಚಕ್ರದ ಮನೆಯನ್ನು ಒಂದೆಡೆ ಕಾಯಂ ಆಗಿ ನಿಲ್ಲಿಸಿಕೊಂಡು ವಾಸಿಸುವವರಿಗೆ ಈ ಅವಕಾಶವಿಲ್ಲ. ಹೆದ್ದಾರಿ ಪಕ್ಕ ಲಾರಿ ನಿಲ್ಲಿಸಿ ಮಲಗುವ ಚಾಲಕನಿಗೆ ಕಾನೂನಿನ ಪ್ರಕಾರವೇ ದೂರದ ಮಹಾನಗರದ ಸ್ಟೇಷನ್ ಸಿಗಬಹುದು. ಎದುರಿನ ತೋಟದ ಮನೆಯ ರೈತನಿಗೆ ಸಿಗುವುದಿಲ್ಲ!

ಅಮೆರಿಕದ ಕನ್ನಡಿಗರ ಮನೆಯಲ್ಲಿ ಈ ಬೆರಗು ಇನ್ನೊಂದು ಬಣ್ಣ ತಳೆಯುತ್ತದೆ. ಅಲ್ಲಿನ ಉಪಗ್ರಹ ಸೇವೆ ಭಾರತೀಯ ಭಾಷೆಗಳ ಚಾನೆಲ್‌ಗಳನ್ನೂ ಮಾರುತ್ತದೆ, ಕನ್ನಡವೂ ಅದರಲ್ಲಿದೆ. ಭೂಮಿಯ ಇನ್ನೊಂದು ಬದಿಯ ಧಾರಾವಾಹಿಗೆ ಈ 210 ಬದುಗಳ ತಡೆಯಿಲ್ಲ, ಏಕೆಂದರೆ ಅದು ಅಲ್ಲಿನ ಯಾವ ಊರಿನ ಸ್ಟೇಷನ್ನೂ ಅಲ್ಲ. ಬೆಂಗಳೂರು ಸಿಗುತ್ತದೆ, ಪಕ್ಕದ ಕೌಂಟಿ ಸಿಗುವುದಿಲ್ಲ.

ಡುರಾಂಗೊಗೆ ಬರೋಣ. 2015ರ ಆಗಸ್ಟ್ 5ರಂದು ಊರಿನ ಮೇಲ್ಗಡೆಯ ಗೋಲ್ಡ್ ಕಿಂಗ್ ಎಂಬ ಹಳೆಯ ಗಣಿಯ ಬಾಯಿ ಒಡೆದು ಸುಮಾರು 1.1 ಕೋಟಿ ಲೀಟರ್ ವಿಷಯುಕ್ತ ನೀರು ಅನಿಮಸ್ ನದಿಗೆ ನುಗ್ಗಿತು. ನದಿ ಅರಿಶಿನ ಬಣ್ಣಕ್ಕೆ ತಿರುಗಿದ ಚಿತ್ರಗಳನ್ನು ಜಗತ್ತೇ ನೋಡಿತು. ಇಂಥ ಹೊತ್ತಿನಲ್ಲಿ ತಮ್ಮ ರಾಜ್ಯದ ಸರ್ಕಾರ ಏನು ಹೇಳುತ್ತಿದೆ ಎಂದು ತಮ್ಮ ರಾಜಧಾನಿಯ ಸ್ಟೇಷನ್‌ನಿಂದ ಕೇಳುವ ಆಸೆ ಯಾರಿಗಿರುವುದಿಲ್ಲ? ಹೀಗೆ ರಾಜ್ಯ ಒಂದು, ಟಿವಿ ಇನ್ನೊಂದು ಆದ ಕೌಂಟಿಗಳನ್ನು ಅಲ್ಲಿ ಅನಾಥ ಕೌಂಟಿಗಳು ಎಂದೇ ಕರೆಯುತ್ತಾರೆ.

ಇಂಥ ಕೌಂಟಿಗಳಿಗೆ ಬಾಗಿಲು ತೆರೆದದ್ದು 2014ರ ಕಾಯ್ದೆ. ಕೇಬಲ್ ಟಿವಿಗೆ 1992ರಿಂದಲೇ ಇದ್ದ ಒಂದು ಅವಕಾಶವನ್ನು ಅದು ಉಪಗ್ರಹಕ್ಕೂ ಕೊಟ್ಟಿತು. ಕೌಂಟಿಯ ಸರ್ಕಾರವೇ ಎಫ್‌ಸಿಸಿಗೆ ಅರ್ಜಿ ಹಾಕಿ, ಇಂಥ ಸ್ಟೇಷನ್ ಅನ್ನು ನಮ್ಮ ಮಾರುಕಟ್ಟೆಗೆ ಸೇರಿಸಿ ಎಂದು ಕೇಳಬಹುದು. ತೀರ್ಮಾನಿಸುವಾಗ ನೋಡಬೇಕಾದ ಅಂಶಗಳಲ್ಲಿ ಹೊಸದೊಂದನ್ನು ಸೇರಿಸಿದರು: ಜನರಿಗೆ ತಮ್ಮ ರಾಜ್ಯದ ಸ್ಟೇಷನ್ ಸಿಗುವುದೇ ಒಂದು ಹಿತ. ಲಾ ಪ್ಲಾಟಾ ಕೌಂಟಿ ಡೆನ್ವರ್‌ನ ನಾಲ್ಕು ಸ್ಟೇಷನ್‌ಗಳ ಹೆಸರು ಬರೆದು ಅರ್ಜಿ ಹಾಕಿತು: ಕೆಡಿವಿಆರ್, ಕೆಸಿಎನ್‌ಸಿ, ಕೆಎಮ್‌ಜಿಎಚ್, ಕೆಯುಎಸ್‌ಎ. 2017ರಲ್ಲಿ ಎಫ್‌ಸಿಸಿ ನಾಲ್ಕನ್ನೂ ಒಪ್ಪಿತು! ಆಲ್ಬುಕರ್ಕಿಯ ಸ್ಟೇಷನ್‌ಗಳನ್ನು ಕಿತ್ತುಕೊಳ್ಳಲಿಲ್ಲ, ಡೆನ್ವರ್‌ನವನ್ನು ಜೊತೆಗೆ ಸೇರಿಸಿತು. ಮರುವರ್ಷ, ದಕ್ಷಿಣ ಕೆರೊಲಿನಾದ ಮಾರುಕಟ್ಟೆಗೆ ಸೇರಿಹೋಗಿದ್ದ ಜಾರ್ಜಿಯಾ ರಾಜ್ಯದ ಈಶಾನ್ಯ ಮೂಲೆಯ ಕೌಂಟಿಗಳು ಇದೇ ದಾರಿಯಲ್ಲಿ ತಮ್ಮ ರಾಜಧಾನಿ ಅಟ್ಲಾಂಟಾದ ಸ್ಟೇಷನ್‌ಗಳನ್ನು ಪಡೆದುಕೊಂಡವು.

ಆದರೆ ಅರ್ಜಿ ಗೆದ್ದ ಮಾತ್ರಕ್ಕೆ ಟಿವಿಯಲ್ಲಿ ಚಿತ್ರ ಬಂದುಬಿಡುವುದಿಲ್ಲ. ಮೊದಲು ಉಪಗ್ರಹ ಕಂಪನಿ ತನ್ನ ಕಿರಣ ಆ ಕೌಂಟಿಯ ಮೇಲೆ ಬೀಳುತ್ತದೆಯೇ ಎಂದು ಪ್ರಮಾಣಪತ್ರ ಕೊಡಬೇಕು. ಬೀಳದಿದ್ದರೆ ಕಾನೂನು ಬಲವಂತ ಮಾಡುವುದಿಲ್ಲ, ಮೇಲೆ ಹಾರಿ ಹೋದ ಉಪಗ್ರಹದ ಆಂಟೆನಾವನ್ನು ಬಗ್ಗಿಸಿ ಬರಲು ಯಾರಿಂದಾದೀತು? ಕೌಂಟಿಯ ಒಂದು ಭಾಗದ ಪಿನ್‌ಕೋಡ್‌ಗಳಿಗೆ ಕಿರಣವಿದ್ದು, ಇನ್ನೊಂದು ಭಾಗಕ್ಕೆ ಇಲ್ಲದಿರುವುದೂ ಸಾಧ್ಯ. ಕಿರಣವಿದ್ದರೂ ಸ್ಟೇಷನ್ ಮತ್ತು ಕಂಪನಿ ಕೂತು ಪ್ರಸಾರದ ಒಪ್ಪಂದ ಮಾಡಿಕೊಳ್ಳಬೇಕಾಗಬಹುದು, ಅದರ ದರ ಅವರವರ ಚೌಕಾಸಿಗೆ ಬಿಟ್ಟದ್ದು. ಅರ್ಜಿ ಹಾಕುವ ಕೌಂಟಿಯೂ ಸುಮ್ಮನೆ ಕೇಳಿದರೆ ಆಗದು. ಸ್ಟೇಷನ್ ತನ್ನ ಊರಿನ ಸುದ್ದಿ ಹೇಳಿದೆಯೇ, ಹಿಂದೆ ಜನ ಅದನ್ನು ನೋಡುತ್ತಿದ್ದರೇ, ದೂರ ಎಷ್ಟು, ಜನ ಆಸ್ಪತ್ರೆಗೆ, ಪೇಟೆಗೆ ಯಾವ ಕಡೆ ಹೋಗುತ್ತಾರೆ ಎಂದೆಲ್ಲ ದಾಖಲೆ ಕೂಡಿಸಿ ಒಪ್ಪಿಸಬೇಕು. ಒಂದೊಂದು ಸ್ಟೇಷನ್‌ಗೂ ಒಂದೊಂದು ವಾದ, ಒಂದೊಂದು ಕೌಂಟಿಗೂ ಒಂದೊಂದು ಅರ್ಜಿ. ಕೊಲರಾಡೊದ ಅದೇ ಮೂಲೆಯಲ್ಲಿ ಲಾ ಪ್ಲಾಟಾಕ್ಕೆ ಅಂಟಿಕೊಂಡೇ ಇರುವ ಮೊಂಟೆಜುಮಾ ಕೌಂಟಿ ಕೂಡ ನೀಲ್ಸನ್ ಲೆಕ್ಕದಲ್ಲಿ ಆಲ್ಬುಕರ್ಕಿಗೇ ಸೇರಿದೆ. ನೆರೆಯ ಕೌಂಟಿಗೆ ಸಿಕ್ಕ ಡೆನ್ವರ್ ತನಗೂ ಬೇಕೆಂದರೆ ಅದು ತನ್ನದೇ ಅರ್ಜಿ ಬರೆದು, ತನ್ನದೇ ದಾಖಲೆ ಕೂಡಿಸಿ, ಎಫ್‌ಸಿಸಿ ಬಾಗಿಲು ತಟ್ಟಬೇಕು.